ಇತ್ತೀಚಿನ ಪದರ

ಎಂ.ಎ. ಓದುತ್ತಿದ್ದಾಗ ನಮ್ಮನ್ನು ತರಬೇತಿಗೆಂದು ಒಂದು ಉತ್ಖನನಕ್ಕೆ ಕರೆದೊಯ್ದಿದ್ದರು. ಬೃಹತ್ ಶಿಲಾ ಸಂಸ್ಕೃತಿಯ ಗೋರಿಗಳಿದ್ದ ಜಾಗ. ಊರು ಯಾವುದು, ಕರೆದೊಯ್ದವರು ಯಾರು ಎಂಬುದು ಇಲ್ಲಿ ಮುಖ್ಯವಲ್ಲ. ಮೊದಲ ದಿನ ಗೂಟ ನೆಟ್ಟು, ದಾರ ಕಟ್ಟಿ, ಚೌಕ ಗುರುತು ಮಾಡಿದ ಮೇಲೆ ಮೇಲ್ವಿಚಾರಕರು ಒಂದು ಮಾತು ಹೇಳಿದರು: 'ಮೇಲಿನ ಒಂದೂವರೆ ಅಡಿ ಇತ್ತೀಚಿನ ಪದರ. ಅದನ್ನ ಬೇಗ ತೆಗೆಸಿಬಿಡಿ. ನಮಗೆ ಬೇಕಾಗಿರೋದು ಅದರ ಕೆಳಗಿದೆ.'

ತೆಗೆದವರು ಆ ಊರ ಕೇರಿಯ ಹೆಂಗಸರು. ಅವರ ತಲೆ ಮೇಲೆ ಬಾಂಡ್ಲಿ, ನನ್ನ ಕೈಯಲ್ಲಿ ನೋಟ್‌ಬುಕ್ಕು. ನಾನೂ ಕೇರಿಯವನೇ, ಆದರೆ ಬೇರೆ ಊರಿನವನು, ಪ್ಯಾಂಟು ಹಾಕಿದವನು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಮಸಿ ಹಿಡಿದ ಒಂದು ಬೋಕಿಯನ್ನು ಸೆರಗಲ್ಲಿ ಒರೆಸಿ ನನ್ನ ಮುಂದೆ ಹಿಡಿದಳು. 'ಇದು ರೊಟ್ಟಿ ಹಂಚು ಕನ ಮಗ. ಅಂಚು ನೋಡು ಹೆಂಗೆ ಬಾಗೈತೆ. ನಮ್ಮತ್ತೇರ ಅತ್ತೆ ಕಾಲದಾಗೆ ನಮ್ಮ ಕೇರಿ ಇಲ್ಲೇ ಇದ್ದುದಂತೆ. ಪ್ಲೇಗು ಬಂತು, ಆಚೆಗೋದ್ರು.' ನಾನು ತಲೆಯಾಡಿಸಿದೆ. ಬರೆದುಕೊಳ್ಳಲಿಲ್ಲ. ಬರೆಯಲು ಆ ನಮೂನೆಯಲ್ಲಿ ಜಾಗವೇ ಇರಲಿಲ್ಲ. ಸಂಜೆ ವರದಿಯಲ್ಲಿ ನಾನು ಬರೆದದ್ದು ಎರಡೇ ಪದ: 'ಮೇಲ್ಮಣ್ಣು, ಕದಡಿದ್ದು.'

ಈ ಎರಡು ಪದ ನನ್ನನ್ನು ಮತ್ತೆ ಕಾಡತೊಡಗಿದ್ದು ಉಪನ್ಯಾಸಕನಾದ ಮೇಲೆ. ಅಮೆರಿಕದ ಗುಲಾಮಗಿರಿಯ ಪಾಠಕ್ಕೆ ತಯಾರಾಗುವಾಗ ಫ್ಲಾರಿಡಾದ ಒಂದು ದ್ವೀಪದಲ್ಲಿ ನಡೆದ ಉತ್ಖನನಗಳ ಬಗ್ಗೆ ಓದಿದೆ. ಆ ದ್ವೀಪವನ್ನು ನಾನು ನೋಡಿದವನಲ್ಲ. ನೋಡುವ ಸಂಭವವೂ ಕಡಿಮೆ. ಆದರೆ ಆ ಮಣ್ಣಿನ ಕತೆಯಲ್ಲಿ ನಮ್ಮ ವಿಮರ್ಶೆಗೆ ಬೇಕಾದ ಒಂದು ಮಾತು ಇದೆ ಎಂದು ಅನ್ನಿಸಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಸೇಂಟ್ ಜಾನ್ಸ್ ನದಿ ಅಟ್ಲಾಂಟಿಕ್ ಸೇರುವ ಕಡೆ, ಜಾಕ್ಸನ್‌ವಿಲ್ ನಗರದ ಹತ್ತಿರ, ಫೋರ್ಟ್ ಜಾರ್ಜ್ ಎಂಬ ದ್ವೀಪವಿದೆ. ಅಲ್ಲಿ 3,500 ವರ್ಷಗಳಿಗೂ ಹಿಂದೆ ಬದುಕಿದ್ದ ಜನ ಕಡಲ ಚಿಪ್ಪಿನ ಜೀವಿಗಳನ್ನು ತಿಂದು ಚಿಪ್ಪನ್ನು ಎಸೆಯುತ್ತಿದ್ದರು. ಎಸೆದದ್ದು ಬೆಳೆದು ಬೆಳೆದು ದೊಡ್ಡ ಉಂಗುರದಂಥ ದಿಬ್ಬವಾಯಿತು. ರೋಲಿನ್ಸ್ ಚಿಪ್ಪಿನ ಉಂಗುರ ಎಂದು ಅದನ್ನು ಕರೆಯುತ್ತಾರೆ. ಆ ಕಾಲದವರು ಮಡಕೆಯ ಮಣ್ಣಿಗೆ ಗಿಡದ ನಾರು ಕಲಸುತ್ತಿದ್ದರು. ಗೋಡೆ ಮಣ್ಣಿಗೆ ಹೊಟ್ಟು ಕಲಸುವುದನ್ನು ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರಾದ ಮೇಲೂ ಜನ ಅಲ್ಲೇ ಬದುಕಿದರು, ಚಿಪ್ಪು ಎಸೆಯುತ್ತಲೇ ಹೋದರು. ಯೂರೋಪಿನವರು ಬಂದಾಗ ಅಲ್ಲಿದ್ದವರು ಟಿಮುಕುವಾ ಜನ. ಪಠ್ಯಪುಸ್ತಕ ಬರೆಯುವ ನಮ್ಮ ಮೇಷ್ಟರುಗಳು ಇಂಥ ದಿಬ್ಬಗಳಿಗೆ ಒಂದು ಸಂಸ್ಕೃತ ಪದ ಹುಡುಕುತ್ತಾರೆ. ಬೇಡ. ತಿಪ್ಪೆ ಅಂದರೆ ಸಾಕು. ಅದು ತಿಪ್ಪೆಯೇ, ಸಾವಿರಾರು ವರ್ಷದ ತಿಪ್ಪೆ.

ಟಿಮುಕುವಾ ಜನರ ಕತೆ ಬೇಗ ಮುಗಿಯುತ್ತದೆ. ಹದಿನಾರನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಪಾದ್ರಿಗಳು ಆ ದ್ವೀಪದಲ್ಲಿ ಒಂದು ಮಿಷನ್ ಕಟ್ಟಿದರು. ರೋಗ, ಬಿಟ್ಟಿ ದುಡಿಮೆ, ದಂಡು ಎಲ್ಲವೂ ಬಂದವು. 1702ರಲ್ಲಿ ಇಂಗ್ಲಿಷರ ದಂಡು ಮಿಷನ್ನನ್ನು ಸುಟ್ಟಿತು. 1763ರಲ್ಲಿ ಸ್ಪೇನ್ ಫ್ಲಾರಿಡಾವನ್ನು ಇಂಗ್ಲೆಂಡಿಗೆ ಬಿಟ್ಟುಕೊಟ್ಟಾಗ ಉಳಿದಿದ್ದ ಬೆರಳೆಣಿಕೆಯ ಜನ ಕ್ಯೂಬಾಕ್ಕೆ ಹಡಗು ಹತ್ತಿದರು. ತಿಪ್ಪೆ ಉಳಿಯಿತು.

ಆಮೇಲೆ ಬಂದದ್ದು ತೋಟ. ಯಜಮಾನನ ದೊಡ್ಡ ಮನೆ ಕಟ್ಟಿದ್ದು 1798ರ ಸುಮಾರಿಗೆ. 1814ರಲ್ಲಿ ಜೆಫನಾಯಾ ಕಿಂಗ್ಸ್‌ಲೀ ಎಂಬ ಗುಲಾಮರ ವ್ಯಾಪಾರಿ ಅಲ್ಲಿಗೆ ಬಂದ. ಉದ್ದ ಎಳೆಯ ಹತ್ತಿ, ಕಿತ್ತಳೆ, ಕಬ್ಬು, ಜೋಳ ಬೆಳೆಸಿದ. ಸುಮಾರು 60 ಗುಲಾಮರು ಆ ತೋಟದಲ್ಲಿ ದುಡಿಯುತ್ತಿದ್ದರು. ಅವರಿಗೆ 32 ಮನೆಗಳು. ದಾರಿಯ ಆ ಕಡೆ ಹದಿನಾರು, ಈ ಕಡೆ ಹದಿನಾರು, ಕುಡುಗೋಲಿನ ಹಾಗೆ ಬಾಗಿದ ಒಂದು ಸಾಲು. ದೊಡ್ಡ ಮನೆಯಿಂದ ದೂರ, ಆದರೆ ದೊಡ್ಡ ಮನೆಯ ಕಣ್ಣಳತೆಯಲ್ಲೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್ ಮನೆ ಕಂಡವರಿಗೆ ಈ ಚಿತ್ರ ಹೊಸದಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮನೆಗಳ ಗೋಡೆ. ಅದಕ್ಕೆ ಟ್ಯಾಬಿ ಎನ್ನುತ್ತಾರೆ. ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದು (ನಮ್ಮ ಕರಾವಳಿಯಲ್ಲಿ ಎಲೆಯಡಿಕೆಗೂ ಗಾರೆಗೂ ಮಾಡುತ್ತಿದ್ದ ಚಿಪ್ಪುಸುಣ್ಣವೇ ಇದು), ಆ ಸುಣ್ಣಕ್ಕೆ ಮರಳು, ನೀರು, ಸುಡದ ಚಿಪ್ಪು ಸೇರಿಸಿ ಕಲಸುವುದು, ಹಲಗೆಗಳ ನಡುವೆ ಸುರಿದು ದಮ್ಮಸ್ಸು ಮಾಡುವುದು, ಒಣಗಿದ ಮೇಲೆ ಹಲಗೆ ಮೇಲಕ್ಕೆತ್ತಿ ಇನ್ನೊಂದು ವರಸೆ ಇಡುವುದು. ಚಿಪ್ಪು ಎಲ್ಲಿಂದ ಬಂತು? ಟಿಮುಕುವಾ ಜನರೂ ಅವರ ಹಿಂದಿನವರೂ ಬಿಟ್ಟುಹೋದ ತಿಪ್ಪೆಗಳಿಂದ. ಆಫ್ರಿಕಾದಿಂದ ಹಿಡಿದು ತಂದ ಜನ, ಯಜಮಾನನ ಅಪ್ಪಣೆಯ ಮೇಲೆ, ನಿರ್ನಾಮವಾದ ಇನ್ನೊಂದು ಜನದ ತಿಪ್ಪೆ ಅಗೆದು, ಬುಟ್ಟಿಯಲ್ಲಿ ಹೊತ್ತು, ಸುಟ್ಟು, ಕಲಸಿ, ತಮ್ಮನ್ನು ಕೂಡಿಹಾಕುವ ಮನೆಯ ಗೋಡೆಯನ್ನು ತಾವೇ ಕಟ್ಟಿದರು. ಆ ಗೋಡೆಗಳಲ್ಲಿ ಕೆಲವು ಈಗಲೂ ನಿಂತಿವೆ. ಗೋಡೆಯ ಮೈಯಲ್ಲಿ ಚಿಪ್ಪು ಎದ್ದು ಕಾಣುತ್ತದೆ.

ಪ್ರಾಗಿತಿಹಾಸದ ತಜ್ಞರಿಗೆ ಇದು ನಷ್ಟದ ಲೆಕ್ಕ. ತೋಟದ ಕಾಲದಲ್ಲಿ ದಿಬ್ಬ ಒಡೆದರು, ಪದರ ಕದಡಿದರು, ಸಾಕ್ಷ್ಯ ಹೋಯಿತು. ಮಾತು ನಿಜ. ಆದರೆ 'ಒಡೆದರು' ಎಂಬ ಕ್ರಿಯಾಪದದ ಕರ್ತೃ ಯಾರು? ಕೈ ಗುಲಾಮನದು, ಅಪ್ಪಣೆ ಯಜಮಾನನದು. ನಮ್ಮಲ್ಲೂ ಹಳೆಯ ಕಲ್ಗೋರಿಗಳ ಬಗ್ಗೆ ಮಾತು ಬಂದಾಗ 'ಕಲ್ಲು ಒಡೆಯೋರು ಹಾಳು ಮಾಡಿಬಿಟ್ರು' ಎನ್ನುವುದನ್ನು ನಾನು ಕೇಳಿದ್ದೇನೆ. ಕಲ್ಲು ಯಾವ ರಸ್ತೆಗೆ ಹೋಯಿತು, ಗುತ್ತಿಗೆ ಯಾರದು ಎಂದು ಯಾರೂ ಕೇಳುವುದಿಲ್ಲ. ಚರಿತ್ರೆಯನ್ನು ಕೆಡಿಸಿದ ಅಪವಾದವೂ ಚರಿತ್ರೆಯಿಲ್ಲದವನ ತಲೆಗೇ.

ಗುಲಾಮರ ಮನೆಯನ್ನು ಅಗೆದು ನೋಡಬೇಕು ಎಂದು ಅಮೆರಿಕದ ಪುರಾತತ್ವಕ್ಕೆ ಹೊಳೆದದ್ದು ಬಹಳ ತಡವಾಗಿ. ಅದಕ್ಕೂ ಮೊದಲು ಅವರು ಅಗೆದದ್ದು, ದುರಸ್ತಿ ಮಾಡಿದ್ದು ಅಧ್ಯಕ್ಷರ ಮನೆ, ರಾಜ್ಯಪಾಲರ ಅರಮನೆ, ಸಾಹುಕಾರರ ಕೈತೋಟ. ವಿಲಿಯಮ್ಸ್‌ಬರ್ಗ್ ಎಂಬ ಹಳೆಯ ಪಟ್ಟಣವನ್ನು 1920ರ ದಶಕದಿಂದ ಕೋಟಿಗಟ್ಟಲೆ ಹಣ ಸುರಿದು ಮತ್ತೆ ಕಟ್ಟಿದರು. ಹದಿನೆಂಟನೆಯ ಶತಮಾನದಲ್ಲಿ ಆ ಊರಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕರಿಯರು. ಮತ್ತೆ ಕಟ್ಟಿದ ಊರಿನಲ್ಲಿ ಅವರು ಕಾಣಿಸಿಕೊಳ್ಳಲು ದಶಕಗಳೇ ಬೇಕಾದವು.

1968ರಲ್ಲಿ ಚಾರ್ಲ್ಸ್ ಫೇರ್‌ಬ್ಯಾಂಕ್ಸ್ ಎಂಬ ಪುರಾತತ್ವಜ್ಞ ಕಿಂಗ್ಸ್‌ಲೀ ತೋಟದ ಗುಲಾಮರ ಮನೆಯ ನೆಲ ಅಗೆದರು. ತೋಟಗಳ ಪುರಾತತ್ವ ಎಂಬ ಅಧ್ಯಯನ ಶಾಖೆ ಶುರುವಾದದ್ದೇ ಅಲ್ಲಿಂದ ಎನ್ನುತ್ತಾರೆ. 1968 ಎಂಬ ಇಸವಿಯನ್ನು ಗಮನಿಸಬೇಕು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ವರ್ಷ ಅದು. ಬೀದಿಯಲ್ಲಿ ಚಳವಳಿ ನಡೆಯದೆ ಇದ್ದಿದ್ದರೆ ವಿಶ್ವವಿದ್ಯಾಲಯದ ಕರಣೆ ಆ ಮನೆಯ ಹೊಸ್ತಿಲು ದಾಟುತ್ತಿತ್ತು ಎಂದು ನಾನು ನಂಬುವುದಿಲ್ಲ.

ಫೇರ್‌ಬ್ಯಾಂಕ್ಸ್ ಹುಡುಕಿ ಹೊರಟದ್ದು ಆಫ್ರಿಕಾವನ್ನು. ಹಡಗಿನಲ್ಲಿ ಸರಪಳಿ ಹಾಕಿ ತಂದವರು ತಮ್ಮ ಜೊತೆ ತಮ್ಮ ನಾಡಿನದು ಏನನ್ನಾದರೂ ಉಳಿಸಿಕೊಂಡಿರಬೇಕಲ್ಲ, ಮಣ್ಣಲ್ಲಿ ಅದು ಸಿಗಬೇಕಲ್ಲ ಎಂಬುದು ಅವರ ಪ್ರಶ್ನೆ. ಸದುದ್ದೇಶದ ಪ್ರಶ್ನೆಯೇ. ಗುಲಾಮರಿಗೆ ಸಂಸ್ಕೃತಿಯೇ ಇರಲಿಲ್ಲ ಎನ್ನುವವರಿಗೆ ಉತ್ತರ ಕೊಡುವ ಪ್ರಶ್ನೆ. ಆದರೆ ಖಚಿತವಾಗಿ ಇದು ಆಫ್ರಿಕಾದ್ದು ಎಂದು ಬೆರಳಿಟ್ಟು ತೋರಿಸುವ ವಸ್ತು ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಮೂಳೆ, ಮಡಕೆ ಚೂರು, ಒಲೆಯ ಬೂದಿ. ಕೊಟ್ಟ ಪಡಿಯ ಜೊತೆಗೆ ಅವರು ಮೀನು ಹಿಡಿದು, ಬೇಟೆಯಾಡಿ ತಿನ್ನುತ್ತಿದ್ದರು, ಅಡಿಗೆ ಅವರವರ ಮನೆಯಲ್ಲೇ ಆಗುತ್ತಿತ್ತು ಎಂಬುದು ಇದರಿಂದ ತಿಳಿಯಿತು. ಫೇರ್‌ಬ್ಯಾಂಕ್ಸ್ ಅವರ ದೊಡ್ಡತನ ಏನೆಂದರೆ ಆಫ್ರಿಕಾ ಸಿಗಲಿಲ್ಲ ಎಂದು ಗುಂಡಿ ಮುಚ್ಚಿ ಬರಲಿಲ್ಲ. ದಿನನಿತ್ಯದ ಬದುಕೇ ಚರಿತ್ರೆ ಎಂದು ಆ ಮೂಳೆ, ಚೂರುಗಳನ್ನೇ ಎಣಿಸುತ್ತಾ ಕೂತರು.

ನಲವತ್ತು ವರ್ಷ ಕಳೆಯಿತು. 2006ರಿಂದ ಫ್ಲಾರಿಡಾ ವಿಶ್ವವಿದ್ಯಾಲಯದ ಜೇಮ್ಸ್ ಡೇವಿಡ್ಸನ್ ತಮ್ಮ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಅದೇ ಸಾಲಿಗೆ ಮತ್ತೆ ಹೋದರು. ಒಂದು ಮನೆಯ ನೆಲದಡಿಯಲ್ಲಿ ಅವರಿಗೆ ಒಂದು ಕೋಳಿ ಸಿಕ್ಕಿತು. ತಿಂದು ಎಸೆದ ಮೂಳೆಯಲ್ಲ. ಕಾಲು, ರೆಕ್ಕೆ, ಕತ್ತು ಎಲ್ಲ ಜೋಡಿಸಿದ ಹಾಗೇ ಇದ್ದ ಇಡೀ ಕೋಳಿ. ಅದರ ಜೊತೆ ಮೊಟ್ಟೆ. ಅದು ಬಲಿ, ಪಶ್ಚಿಮ ಆಫ್ರಿಕಾದ ಆಚರಣೆಗಳ ನೆನಪು ಅದರಲ್ಲಿದೆ ಎಂದು ಅವರು 2015ರ ಲೇಖನದಲ್ಲಿ ವಾದಿಸಿದರು. ಮನೆಗೆ ಒಕ್ಕಲು ಬರುವಾಗ ಕೋಳಿ ಕುಯ್ಯುವುದು ನಮಗೇನು ದೊಡ್ಡ ಸೋಜಿಗವಲ್ಲ. ಆದರೆ ಆ ಹೋಲಿಕೆಯನ್ನು ಹಿಡಿದು ನಾನು ಓಡುವುದಿಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಆ ಕೋಳಿ ಆಫ್ರಿಕಾದಿಂದ ಬಂದದ್ದಲ್ಲ. ಮೊಟ್ಟೆಯೂ ಅಲ್ಲ. ಅಲ್ಲಿದ್ದದ್ದೆಲ್ಲ ಆ ತೋಟದಲ್ಲೇ ಕೈಗೆ ಸಿಗುವಂಥದ್ದು. ಆಫ್ರಿಕಾ ಇದ್ದದ್ದು ವಸ್ತುವಿನಲ್ಲಲ್ಲ, ಅದನ್ನು ಇಟ್ಟ ಬಗೆಯಲ್ಲಿ. ಎಲ್ಲಿ ಇಟ್ಟರು, ಯಾವುದರ ಜೊತೆ ಇಟ್ಟರು ಎಂಬಲ್ಲಿ. 'ಇದು ಆಫ್ರಿಕಾದ ವಸ್ತುವೇ?' ಎಂದು ಒಂದೊಂದು ಚೂರನ್ನೇ ಎತ್ತಿ ಬೆಳಕಿಗೆ ಹಿಡಿಯುವವರಿಗೆ ಇದು ಕಾಣುವಂಥದ್ದಲ್ಲ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮದೇ ವಿಮರ್ಶೆ. ಕೋಪ ಮಾಡಿಕೊಳ್ಳಬಾರದು, ನಾನೂ ಈ ತಪ್ಪು ಮಾಡಿದವನೇ. 1973ರ ಬೂಸಾ ಪ್ರಕರಣದ ಮೇಲೆ ಕನ್ನಡ ಸಾಹಿತ್ಯದ ದೊಡ್ಡ ಮನೆಗೆ ನಾವು ಕೇಳಿದ ಪ್ರಶ್ನೆಗಳು ಬೇಕಾಗಿದ್ದ ಪ್ರಶ್ನೆಗಳೇ. ಆದರೆ ನಮ್ಮ ಪರಂಪರೆ ಯಾವುದು ಎಂದು ಹೇಳಬೇಕಾಗಿ ಬಂದಾಗ ನಾವು ಬುಡ ಹುಡುಕಲು ಕೆಳಗೆ ಕೆಳಗೆ ಇಳಿದೆವು. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ನಮ್ಮ ಹಿರಿಯರು ಬೈಗುಳದಂಥ ಹೆಸರುಗಳನ್ನು ಕಿತ್ತೊಗೆದು ಆದಿ ಕರ್ನಾಟಕ, ಆದಿ ದ್ರಾವಿಡ ಎಂದು ಕರೆದುಕೊಂಡರು. ಆ 'ಆದಿ' ಎನ್ನುವ ಪದದಲ್ಲಿ ಎಂಥ ನೋವು, ಎಂಥ ಸ್ವಾಭಿಮಾನ ಇದೆ ಎಂದು ನನಗೆ ಗೊತ್ತು. ಆದರೆ ಹೋರಾಟದ ಹೆಸರಾಗಿ ಸರಿಯಿದ್ದದ್ದು ವಿಮರ್ಶೆಯ ಅಳತೆಗೋಲಾದಾಗ ತೊಡಕು ಶುರುವಾಯಿತು. ಕತೆಯಲ್ಲಿ ಶುದ್ಧ ದೇಸಿ ಎಲ್ಲಿದೆ, ವೈದಿಕ ಸೋಂಕಿಲ್ಲದ ದೈವ ಯಾವುದು, ಇದು ನಮ್ಮದೋ ಅವರದೋ ಎಂದು ಚೂರು ಚೂರು ಎತ್ತಿ ನೋಡುತ್ತೇವೆ. ಕೆಳಗಿನ ಪದರದ ಆಸೆಗೆ ಮೇಲಿನ ಒಂದೂವರೆ ಅಡಿಯನ್ನು, ಅಂದರೆ ನಮ್ಮ ಅಜ್ಜಿಯರ ಕಾಲವನ್ನು, ಕದಡಿದ್ದು ಎಂದು ಬಾಂಡ್ಲಿಗೆ ತುಂಬುತ್ತೇವೆ.

ಬಾಬಾಸಾಹೇಬರೂ ಮೂಲ ಹುಡುಕಿದರಲ್ಲ ಎಂದು ಗೆಳೆಯರು ಕೇಳುತ್ತಾರೆ. ಹುಡುಕಿದರು. ಅಸ್ಪೃಶ್ಯರು ಯಾರು ಎಂಬ ಅವರ ಪುಸ್ತಕ 1948ರಲ್ಲಿ ಬಂತು. ಆದರೆ ಅವರು ಹುಡುಕಿದ್ದು ನಮ್ಮ ಶುದ್ಧಿಯ ಮೂಲವನ್ನಲ್ಲ, ಅಸ್ಪೃಶ್ಯತೆಯ ಶುರುವನ್ನು. ಕ್ರಿ.ಶ. 400ರ ಸುಮಾರಿಗೆ ಅದು ಹುಟ್ಟಿತು ಎಂದು ಅವರು ಇಸವಿ ಕೊಡಲು ಹೊರಟದ್ದೇ ಅದನ್ನು ಸನಾತನದ ಕೈಯಿಂದ ಕಿತ್ತು ಚರಿತ್ರೆಯೊಳಕ್ಕೆ ಎಳೆದು ತರಲು. ಅಸ್ಪೃಶ್ಯರನ್ನು ಅವರು ಕರೆದದ್ದು ಒಡೆದುಹೋದ ಜನ ಎಂದು. ಚೂರಾದ ಜನ. ಊರ ಹೊರಗೆ ಇನ್ನೊಬ್ಬರ ಅಂಚಿನಲ್ಲಿ ನೆಲೆ ಕಂಡುಕೊಂಡವರು. ಈ ವಿವರಣೆಯನ್ನು ಓದುವಾಗಲೆಲ್ಲ ನನಗೆ ಆ ಟ್ಯಾಬಿ ಗೋಡೆ ಕಣ್ಣಿಗೆ ಬರುತ್ತದೆ.

ಗುಲಾಮಗಿರಿಯೂ ಜಾತಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಫುಲೆ 1873ರಲ್ಲಿ 'ಗುಲಾಮಗಿರಿ'ಯನ್ನು ಗುಲಾಮರನ್ನು ಬಿಡಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಡಬ್ಲ್ಯು.ಇ.ಬಿ. ಡು ಬೋಯಿಸ್ ಅವರಿಗೆ ಕಾಗದ ಬರೆದರು. ಅದೇ ಅಂಬೇಡ್ಕರ್ ಗುಲಾಮನನ್ನೂ ಅಸ್ಪೃಶ್ಯನನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸವನ್ನೂ ಬಿಡಿಸಿ ತೋರಿಸಿದ್ದಾರೆ. ಗುಲಾಮನಿಗೆ ಬೆಲೆ ಕೊಟ್ಟ ಯಜಮಾನ ಅವನು ಸಾಯದಂತೆ ನೋಡಿಕೊಳ್ಳುತ್ತಾನೆ, ಅಸ್ಪೃಶ್ಯ ಸತ್ತರೆ ಯಾರಿಗೂ ನಷ್ಟವಿಲ್ಲ ಎಂಬುದು ಅವರ ತರ್ಕ. ಇತ್ತ ನಮ್ಮ ನೆಲದಲ್ಲೂ ಬೆಲೆ ಕಟ್ಟಿ ಮಾರುವ ಜೀತದಾಳುಗಳು ಇದ್ದರು. ದಕ್ಷಿಣ ಕನ್ನಡದಲ್ಲಿ ಅದನ್ನು 1801ರಲ್ಲಿ ಬುಕನನ್ ಕಂಡು ಬರೆದಿದ್ದಾನೆ. ಅಂದರೆ ಗೆರೆ ನಾವು ಅಂದುಕೊಂಡಷ್ಟು ನೇರವಾಗಿಲ್ಲ.

ಕಿಂಗ್ಸ್‌ಲೀ ತೋಟದಲ್ಲೂ ಗೆರೆ ನೇರವಾಗಿರಲಿಲ್ಲ. ಯಜಮಾನನ ಹೆಂಡತಿ ಆನಾ ಸೆನೆಗಲ್ ದೇಶದವಳು. 1806ರಲ್ಲಿ, ಹದಿಮೂರು ವರ್ಷದವಳಿದ್ದಾಗ, ಕಿಂಗ್ಸ್‌ಲೀ ಅವಳನ್ನು ಹವಾನಾದಲ್ಲಿ ಕೊಂಡುಕೊಂಡ. 1811ರಲ್ಲಿ ಬಿಡುಗಡೆಯ ಪತ್ರ ಕೊಟ್ಟ. ಆಮೇಲೆ ಅವಳೂ ಜಮೀನು ಪಡೆದಳು, ಅವಳೂ ಗುಲಾಮರನ್ನು ಇಟ್ಟುಕೊಂಡಳು. ಗಂಡ 1828ರಲ್ಲಿ ಪುಸ್ತಿಕೆ ಬರೆದು ಗುಲಾಮಗಿರಿ ಒಳ್ಳೆಯದೇ, ಆದರೆ ಬಿಡುಗಡೆಯಾದ ಕರಿಯರಿಗೆ ಹಕ್ಕು ಕೊಡಿ ಎಂದ. 'ನಮ್ಮ ಗೌಡ್ರು ಒಳ್ಳೇರು' ಎಂಬ ಮಾತು ಕೇಳಿ ಬೆಳೆದವರಿಗೆ ಆ ಪುಸ್ತಿಕೆಯ ಧಾಟಿ ಪರಿಚಿತ. ಫ್ಲಾರಿಡಾ 1821ರಲ್ಲಿ ಅಮೆರಿಕದ ಕೈಗೆ ಬಂದ ಮೇಲೆ ಕಾನೂನು ಬಿಗಿಯಾಯಿತು. 1830ರ ದಶಕದ ಕೊನೆಗೆ ಆ ಸಂಸಾರ ಹೈಟಿಗೆ ಹೊರಟಿತು. ಆನಾಳನ್ನು ಕೆಲವರು ವೀರಮಹಿಳೆ ಮಾಡುತ್ತಾರೆ, ಕೆಲವರು ದ್ರೋಹಿ ಮಾಡುತ್ತಾರೆ. ನಮ್ಮಲ್ಲಿ ಎಡ ಬಲ ಎಂದು ಕೇರಿಯೊಳಗೇ ಕೇರಿ ಮಾಡಿಕೊಂಡಿರುವ ನಾವು, ಶ್ರೇಣೀಕೃತ ಅಸಮಾನತೆ ಎಂಬ ಪದವನ್ನು ಭಾಷಣದಲ್ಲಿ ಮಾತ್ರ ಬಳಸುವ ನಾವು, ಅವಳ ಕತೆಯನ್ನು ಸ್ವಲ್ಪ ನಿಧಾನವಾಗಿ ಓದಬೇಕು.

2010ರಲ್ಲಿ ಅದೇ ದ್ವೀಪದಲ್ಲಿ ಗುಲಾಮರನ್ನು ಹೂಳಿದ ಜಾಗ ಪತ್ತೆಯಾಯಿತು. ಆರು ಗೋರಿಗಳನ್ನು ಗುರುತಿಸಿದರು. ಅದುವರೆಗೆ ಆ ನೆಲದ ಮೇಲೆ ಒಂದು ಕಲ್ಲೂ ಅವರ ಗುರುತು ಹೇಳುತ್ತಿರಲಿಲ್ಲ. ಇದಕ್ಕೆ ಹತ್ತೊಂಬತ್ತು ವರ್ಷ ಮುಂಚೆ, 1991ರಲ್ಲಿ, ನ್ಯೂಯಾರ್ಕಿನಲ್ಲಿ ಸರ್ಕಾರಿ ಕಟ್ಟಡಕ್ಕೆ ಪಾಯ ತೋಡುವಾಗ ಆಫ್ರಿಕನ್ನರ ಸ್ಮಶಾನ ಸಿಕ್ಕಿತ್ತು. ಕಟ್ಟಡ ನಿಲ್ಲಬಾರದೆಂದು ಅವಸರವಾಗಿ ಅಸ್ಥಿ ತೆಗೆಯತೊಡಗಿದಾಗ ಕರಿಯ ಜನ ಬೀದಿಗಿಳಿದರು. ಕೊನೆಗೆ ಅಧ್ಯಯನ ಕರಿಯರದೇ ಆದ ಹೊವರ್ಡ್ ವಿಶ್ವವಿದ್ಯಾಲಯಕ್ಕೆ, ಮೈಕೆಲ್ ಬ್ಲೇಕಿ ಅವರ ಕೈಗೆ ಹೋಯಿತು. ಏನನ್ನು ಹುಡುಕಬೇಕು ಎಂದು ಆ ಜನರನ್ನೇ ಕೇಳಿದರು. 419 ಮಂದಿಯ ಅಸ್ಥಿಗಳನ್ನು 2003ರಲ್ಲಿ ಮತ್ತೆ ಅಲ್ಲೇ ಮಣ್ಣು ಮಾಡಿದರು. ಅಸ್ಥಿ ಯಾರದೋ ಅವರ ಮೊಮ್ಮಕ್ಕಳಿಗೆ ಪ್ರಶ್ನೆ ಕೇಳುವ ಹಕ್ಕಿದೆ ಎಂಬುದು ಅಲ್ಲಿ ವಿಧಾನವೇ ಆಯಿತು. ನಮ್ಮಲ್ಲಿ ಉತ್ಖನನಕ್ಕೆ ಹೋದ ಕೇರಿಯವರು ಕೂಲಿ ಪಟ್ಟಿಯಲ್ಲಿ ಹೆಬ್ಬೆಟ್ಟಾಗಿ ಇದ್ದಾರೆ.

1947ರಲ್ಲಿ ವ್ಹೀಲರ್ ಬ್ರಹ್ಮಗಿರಿಯನ್ನು ಅಗೆದ ಮೇಲೆ ಕರ್ನಾಟಕದಲ್ಲಿ ಬಹಳ ಕಡೆ ಗುದ್ದಲಿ ಬಿದ್ದಿದೆ. ಬೂದಿದಿಬ್ಬ, ಕಲ್ಗೋರಿ, ಸ್ತೂಪ, ಹಂಪೆಯ ಅರಮನೆ ಆವರಣ. ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಪ್ಲೇಗಿಗೆ ಬಿಟ್ಟುಬಂದ ಕೇರಿ, ಕಾಫಿ ತೋಟದ ಹಳೆಯ ಲೈನು, ಕೆರೆ ಕೆಳಗೆ ಮುಳುಗಿದ ಹಟ್ಟಿ, ಇವುಗಳ ಒಲೆ ಎಲ್ಲಿತ್ತು, ತಿಪ್ಪೆಯಲ್ಲಿ ಯಾವ ಮೂಳೆ ಇತ್ತು ಎಂದು ಕೇಳಲು ಹೋದರೆ, 'ಅದು ಪುರಾತತ್ವ ಅಲ್ಲಪ್ಪ, ಸಮಾಜಶಾಸ್ತ್ರ' ಎನ್ನುತ್ತಾರೆ. ಸಮಾಜಶಾಸ್ತ್ರದವರ ಹತ್ತಿರ ಹೋದರೆ ಅವರ ಕೈಯಲ್ಲಿ ಪ್ರಶ್ನಾವಳಿ ಇರುತ್ತದೆ, ಗುದ್ದಲಿ ಇರುವುದಿಲ್ಲ. ಲಿಖಿತ ಆಧಾರ ಇಲ್ಲ, ಆದ್ದರಿಂದ ಚರಿತ್ರೆ ಇಲ್ಲ ಎಂಬ ಹಳೆಯ ಪಾಠವನ್ನು ನಾವೂ ಒಪ್ಪಿಕೊಂಡು, ಆತ್ಮಕತೆ, ಜನಪದ ಹಾಡು ಇವಿಷ್ಟೇ ನಮ್ಮ ಆಕರ ಎಂದುಕೊಂಡಿದ್ದೇವೆ. ಕಿಂಗ್ಸ್‌ಲೀ ತೋಟದ ಗುಲಾಮರು ಅಕ್ಷರದಲ್ಲಿ ಬಿಟ್ಟುಹೋದದ್ದು ಇಲ್ಲವೆನ್ನುವಷ್ಟು ಕಡಿಮೆ. ಯಜಮಾನನದು ಪುಸ್ತಿಕೆಯೇ ಇದೆ. ಆದರೂ ಅವನ ಪುಸ್ತಿಕೆ ಹೇಳದ ಮಾತನ್ನು ಅವನ ಗುಲಾಮರ ನೆಲ ಹೇಳಿತು.

ಆ ಉತ್ಖನನದ ಕೊನೆಯ ದಿನದ ಒಂದು ಸಂಗತಿ ಬಾಕಿ ಇದೆ. ನಿಯಮದ ಪ್ರಕಾರ ಗುಂಡಿಯಲ್ಲಿ ಸಿಕ್ಕ ಒಂದು ಚೂರನ್ನೂ ಯಾರೂ ಮನೆಗೆ ಒಯ್ಯುವಂತಿಲ್ಲ. ಸಂಜೆ ಕೂಲಿ ಬಟವಾಡೆ ಆಗುವಾಗ ಆ ಅಜ್ಜಿ ಮಣ್ಣಿನ ರಾಶಿಯ ಹತ್ತಿರ ಬಗ್ಗಿ ಹಂಚಿನ ಆ ಬೋಕಿಯನ್ನು ಹುಡುಕಿ ಎತ್ತಿಕೊಂಡಳು. ಮೇಲ್ವಿಚಾರಕರು ನೋಡಿದರು. ನಾನು ಗಾಬರಿಯಾಗಿ, 'ಯಾಕಜ್ಜಿ ಅದು?' ಅಂದೆ.

'ಧೂಪ ಹಾಕಕ್ಕೆ ಕೆಂಡ ಇಟ್ಕೋಬೋದು ಕನ ಮಗ' ಅಂದಳು.

'ಬಿಡ್ರಿ, ಒಯ್ಲಿ' ಅಂದರು ಮೇಲ್ವಿಚಾರಕರು, 'ಅದು ಇತ್ತೀಚಿನದು.'